ಮುಂದಿನ ಚಕ್ರದ ತಕರಾರು: ಲೋಟಸ್ ಎಲಾನ್ ಮತ್ತು ಅದರ ಅಭಿಮಾನಿಗಳು

ಅಂಬಾಸಿಡರ್ ಮತ್ತು ಮಾರುತಿ 800 ಎರಡನ್ನೂ ಓಡಿಸಿದವರು ಓದುಗರಲ್ಲಿ ಹಲವರಿರಬಹುದು. ಎರಡರಲ್ಲೂ ಎಂಜಿನ್ ಇರುವುದು ಮುಂದೆಯೇ. ಆದರೆ ಅಂಬಾಸಿಡರ್‌ನಲ್ಲಿ ಎಂಜಿನ್ನಿನ ಶಕ್ತಿ ಉದ್ದನೆಯ ದಂಡವೊಂದರ ಮೂಲಕ ಹಿಂದಿನ ಚಕ್ರಗಳಿಗೆ ಹೋಗುತ್ತದೆ. ಮಾರುತಿಯಲ್ಲಿ ಮುಂದಿನ ಚಕ್ರಗಳನ್ನೇ ತಿರುಗಿಸುತ್ತದೆ. ಒಂದನ್ನು ಹಿಂದಿನಿಂದ ತಳ್ಳಿದಂತೆ, ಇನ್ನೊಂದನ್ನು ಮುಂದಿನಿಂದ ಎಳೆದಂತೆ. ಪೇಟೆಗೆ ಹೋಗಿ ಬರುವವರಿಗೆ ಈ ವ್ಯತ್ಯಾಸ ಗಮನಕ್ಕೆ ಬರುವುದೇ ಅಪರೂಪ. ಆದರೆ 1989ರಲ್ಲಿ ಇಂಗ್ಲೆಂಡಿನ ಲೋಟಸ್ ಕಂಪನಿ ತನ್ನ ಹಳೆಯ ಸ್ಪೋರ್ಟ್ಸ್ ಕಾರು ‘ಎಲಾನ್’ನ ಹೆಸರನ್ನು ಹೊಸ ಕಾರೊಂದಕ್ಕೆ ಇಟ್ಟು ಮರಳಿ ತಂದಾಗ, ಅಭಿಮಾನಿಗಳು ಜಗಳ ತೆಗೆದದ್ದು ಇದೇ ವ್ಯತ್ಯಾಸದ ಮೇಲೆ.

ಆ ಜಗಳದಲ್ಲಿ ಎರಡೂ ಪಕ್ಷದವರು ವಿಜ್ಞಾನದ ಮಾತನ್ನೇ ಆಡಿದರು. ಯಾರ ಮಾತಿನಲ್ಲಿ ಎಷ್ಟು ವಿಜ್ಞಾನವಿತ್ತು ಎಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲ ಎಲಾನ್ ಬಂದದ್ದು 1962ರಲ್ಲಿ. ಲೋಟಸ್ ಸ್ಥಾಪಕ ಕಾಲಿನ್ ಚಾಪ್‌ಮನ್‌ಗೆ ತೂಕವೆಂದರೆ ಶತ್ರು. ಬೆನ್ನೆಲುಬಿನಂತೆ ನಡುವೆ ಹಾಯುವ ಉಕ್ಕಿನ ಚೌಕಟ್ಟು, ಅದರ ಮೇಲೆ ಗಾಜಿನ ನಾರಿನ ಹೊದಿಕೆ, ಒಟ್ಟು ತೂಕ 680 ಕಿಲೋಗ್ರಾಂ ಆಸುಪಾಸು. ಎಂಜಿನ್ ಮುಂದೆ, ಚಾಲನೆ ಹಿಂದಿನ ಚಕ್ರಗಳಿಗೆ. ಅದರ ಸ್ಟಿಯರಿಂಗ್‌ನ ಸೂಕ್ಷ್ಮತೆ ದಂತಕಥೆಯಾಯಿತು. ಮೆಕ್‌ಲಾರೆನ್ ಎಫ್1 ಕಾರನ್ನು ವಿನ್ಯಾಸ ಮಾಡಿದ ಗಾರ್ಡನ್ ಮರ್ರೆ ಕೂಡ ಎಲಾನಿನ ಸ್ಟಿಯರಿಂಗನ್ನು ಮಾದರಿಯೆಂದು ಎಣಿಸಿದವರು. 1973ರಲ್ಲಿ ಅದರ ತಯಾರಿಕೆ ನಿಂತಿತು. 1982ರಲ್ಲಿ ಚಾಪ್‌ಮನ್ ತೀರಿಕೊಂಡರು. 1986ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯನ್ನು ಕೊಂಡಿತು.

ಹೊಸ ಎಲಾನ್, ಒಳಗಿನ ಸಂಕೇತನಾಮದಲ್ಲಿ ಎಂ100, ಈ ಒಡೆತನದ ಕಾಲದ್ದು. ಜನರಲ್ ಮೋಟಾರ್ಸ್‌ಗೆ ಸಂಬಂಧಿಸಿದ್ದ ಜಪಾನಿನ ಇಸುಜು ಕಂಪನಿಯ 1588 ಘನ ಸೆಂಟಿಮೀಟರ್ ಎಂಜಿನ್ ಅದಕ್ಕೆ ಸಿಕ್ಕಿತು. ಟರ್ಬೋ ಜೋಡಿಸಿದ ಎಸ್‌ಇ ಮಾದರಿಯಲ್ಲಿ 165 ಅಶ್ವಶಕ್ತಿ. ಎಂಜಿನ್ ಅಡ್ಡಡ್ಡವಾಗಿ ಕೂತಿತ್ತು, ಚಾಲನೆ ಮುಂದಿನ ಚಕ್ರಗಳಿಗೆ. ಲೋಟಸ್‌ನ ರಸ್ತೆ ಕಾರುಗಳಲ್ಲಿ ಇದು ಮೊದಲು. ತೂಕ 1000 ಕಿಲೋಗ್ರಾಂ ದಾಟಿತು.

ಅಭಿಮಾನಿಗಳ ಮೊದಲ ಆಕ್ಷೇಪ ಕಾರನ್ನು ಓಡಿಸುವ ಮೊದಲೇ ಬಂದಿತ್ತು: ಮುಂದಿನ ಚಕ್ರಗಳೇ ಎಳೆಯುವ ಕಾರು ನಿಜವಾದ ಸ್ಪೋರ್ಟ್ಸ್ ಕಾರಾಗಲಾರದು, ತಿರುವಿನಲ್ಲಿ ಮೂತಿ ಹೊರಕ್ಕೆ ಜಾರುತ್ತದೆ, ಸ್ಟಿಯರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ. ಇದು ಬರಿಯ ಮೂಢನಂಬಿಕೆಯಲ್ಲ, ಇದಕ್ಕೆ ಆಧಾರವಿದೆ.

ಒಂದು ಟಯರು ರಸ್ತೆಯ ಮೇಲೆ ಒಟ್ಟು 100 ಮಾನ ಘರ್ಷಣ ಬಲ ಕೊಡಬಲ್ಲದು ಎಂದುಕೊಳ್ಳಿ. ತಿರುವಿನಲ್ಲಿ ಕಾರನ್ನು ಒಳಕ್ಕೆ ತಿರುಗಿಸಲು ಅದರಲ್ಲಿ 80 ಖರ್ಚಾದರೆ ಮುಂದಕ್ಕೆ ಎಳೆಯಲು ಉಳಿಯುವುದು ಎಷ್ಟು? 20 ಎಂದು ಹೇಳುವ ವಿದ್ಯಾರ್ಥಿಗಳೇ ಹೆಚ್ಚು. ಎರಡು ಬಲಗಳು ಪರಸ್ಪರ ಲಂಬವಾಗಿರುವುದರಿಂದ ಪೈಥಾಗೊರಸನ ಪ್ರಮೇಯ ಅನ್ವಯಿಸಬೇಕು. ಉಳಿಯುವುದು 60. ಚಾಲಕ ದುರಾಸೆಯಿಂದ 70 ಕೇಳಿದರೆ ಒಟ್ಟು ಬೇಡಿಕೆ 106 ಆಗುತ್ತದೆ, ಟಯರು ಜಾರುತ್ತದೆ. ಹಿಂದಿನ ಚಕ್ರ ತಳ್ಳುವ ಕಾರಿನಲ್ಲಿ ಮುಂದಿನ ಟಯರು ತಿರುಗಿಸುವ ಕೆಲಸವನ್ನಷ್ಟೇ ಹೊತ್ತಿರುತ್ತದೆ. ಮುಂದಿನದೇ ಎಳೆಯುವಾಗ ಒಂದೇ ಟಯರಿಗೆ ಎರಡು ಚಾಕರಿ.

ಇನ್ನೊಂದು ತೊಡಕೂ ಇದೆ. ಕಾರು ವೇಗ ಹೆಚ್ಚಿಸಿಕೊಂಡಾಗ ಅದರ ಭಾರ ಹಿಂದಕ್ಕೆ ಸರಿಯುತ್ತದೆ. ಎಷ್ಟು ಎಂಬುದನ್ನು ಕರಿಹಲಗೆಯ ಮೇಲೆಯೇ ಲೆಕ್ಕ ಹಾಕಬಹುದು. ರಾಶಿ 1000 ಕಿಲೋಗ್ರಾಂ, ಮುಂದಿನ ಹಿಂದಿನ ಅಚ್ಚುಗಳ ಅಂತರ ಹೊಸ ಎಲಾನಿನಲ್ಲಿದ್ದಂತೆ 2.25 ಮೀಟರ್, ಗುರುತ್ವ ಕೇಂದ್ರ ನೆಲದಿಂದ 0.45 ಮೀಟರ್ ಎತ್ತರದಲ್ಲಿದೆಯೆಂದು ಭಾವಿಸೋಣ. ವೇಗೋತ್ಕರ್ಷ ಗುರುತ್ವದ ಅರ್ಧ, ಅಂದರೆ ಸೆಕೆಂಡಿಗೆ ಸೆಕೆಂಡಿಗೆ 4.9 ಮೀಟರ್ ಇದ್ದರೆ, ಮುಂದಿನ ಅಚ್ಚಿನಿಂದ ಹಿಂದಕ್ಕೆ ಸರಿಯುವ ಭಾರ 1000 × 4.9 × 0.45 ÷ 2.25 = 980 ನ್ಯೂಟನ್. ಹೆಚ್ಚುಕಡಿಮೆ 100 ಕಿಲೋಗ್ರಾಮಿನ ತೂಕ. ಎಳೆಯಬೇಕಾದ ಚಕ್ರಗಳು ಎಳೆಯುವ ಹೊತ್ತಿನಲ್ಲೇ ಹಗುರಾಗುತ್ತವೆ. ಶಕ್ತಿ ಹೆಚ್ಚಿದಷ್ಟೂ ಈ ಕೊರತೆ ಬೆಳೆಯುತ್ತದೆ.

ಇಷ್ಟಾದರೂ ಅಭಿಮಾನಿಗಳ ಭವಿಷ್ಯವಾಣಿ ಸುಳ್ಳಾಯಿತು. ಕಾರನ್ನು ಪರೀಕ್ಷಿಸಿದ ಪತ್ರಿಕೆಗಳವರು ಅದರ ಹಿಡಿತವನ್ನು, ಅಂಕುಡೊಂಕಿನ ರಸ್ತೆಯಲ್ಲಿ ಅದು ಸಾಧಿಸಿದ ವೇಗವನ್ನು ಹೊಗಳಿದರು. ಕಾರಣವಿದ್ದದ್ದು ಮುಂದಿನ ಚಕ್ರಗಳ ತೂಗುವ್ಯವಸ್ಥೆಯಲ್ಲಿ. ಸಾಮಾನ್ಯವಾಗಿ ಚಕ್ರವನ್ನು ಹಿಡಿದ ತೋಳುಗಳ ಬುಡದಲ್ಲಿ ಮೆತ್ತನೆಯ ರಬ್ಬರ್ ಇಡುತ್ತಾರೆ, ಇಲ್ಲವಾದರೆ ರಸ್ತೆಯ ಪ್ರತಿ ಕುಲುಕೂ ಒಳಗೆ ಬರುತ್ತದೆ. ಆದರೆ ಎಂಜಿನ್ ಬಲವಾಗಿ ಎಳೆದಾಗ ಇದೇ ರಬ್ಬರ್ ಬಾಗಿ ಚಕ್ರದ ಕೋನಗಳು ಬದಲಾಗುತ್ತವೆ. ಎಡಬಲಗಳಲ್ಲಿ ಬದಲಾವಣೆ ಸಮವಾಗಿರದಿದ್ದರೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಲೋಟಸ್ ಎಂಜಿನಿಯರುಗಳು ತೋಳುಗಳನ್ನು ಗಟ್ಟಿಯಾದ ಬುಷ್‌ಗಳಿಂದ ಒಂದು ಪುಟ್ಟ ಉಪಚೌಕಟ್ಟಿಗೆ ಬಿಗಿದು, ಆ ಉಪಚೌಕಟ್ಟನ್ನು ಮಾತ್ರ ಮೆತ್ತನೆಯ ರಬ್ಬರಿನ ಮೇಲೆ ಕೂರಿಸಿದರು. ಅದಕ್ಕೆ ‘ತೆಪ್ಪ’ ಎಂಬರ್ಥದ ಹೆಸರನ್ನೇ ಇಟ್ಟರು. ಕುಲುಕು ಬಂದಾಗ ತೆಪ್ಪವೇ ಹಿಂದೆಮುಂದೆ ಸರಿಯುತ್ತದೆ. ಚಕ್ರದ ಕೋನ ಕದಲುವುದಿಲ್ಲ. ಒಂದೇ ರಬ್ಬರಿಗೆ ಒಪ್ಪಿಸಿದ್ದ ಎರಡು ಕೆಲಸಗಳನ್ನು ಬೇರ್ಪಡಿಸಿದ್ದು ಇಲ್ಲಿನ ಜಾಣ್ಮೆ. ನನ್ನ ಮಟ್ಟಿಗೆ ಇಡೀ ಕಾರಿನಲ್ಲಿ ಅತ್ಯಂತ ‘ಲೋಟಸ್’ ಎನ್ನಬಹುದಾದ ಭಾಗ ಇದೇ. ಹೊರಗಿನಿಂದ ಇದು ಯಾರಿಗೂ ಕಾಣುವುದಿಲ್ಲ, ಅಭಿಮಾನಿಗಳ ಚರ್ಚೆಯಲ್ಲಿ ಇದರ ಪ್ರಸ್ತಾಪ ಬಂದದ್ದೂ ಕಡಿಮೆ.

ಸರಿ, ಊಹೆ ತಪ್ಪಾಯಿತು. ಮುಂದೇನು? ಆಕ್ಷೇಪವೇ ರೂಪ ಬದಲಿಸಿತು. ಕಾರು ಕೆಟ್ಟದಾಗಿ ತಿರುಗುತ್ತದೆ ಎನ್ನುತ್ತಿದ್ದವರು, ತೀರಾ ಸುಲಭವಾಗಿ ತಿರುಗುತ್ತದೆ, ಚಾಲಕನಿಗೆ ಮಾಡಲು ಏನೂ ಉಳಿದಿಲ್ಲ ಎನ್ನತೊಡಗಿದರು. ಕಾರಿನ ಪರ ವಹಿಸಿದವರು ನಕ್ಕರು. ಸೋತ ಮೇಲೆ ಗೋಲುಕಂಬ ಸರಿಸುವ ಆಟ ಇದು ಎಂದರು. ವೇಗ ನೋಡಿ, ಸೆಕೆಂಡುಗಳನ್ನು ಎಣಿಸಿ, ಉಳಿದದ್ದು ಭಾವುಕತೆ ಎಂದು ವಾದಿಸಿದರು.

ಈ ನಗು ನನಗೆ ಒಪ್ಪಿಗೆಯಾಗುವುದಿಲ್ಲ. ಎರಡನೆಯ ಆಕ್ಷೇಪ ಮೊದಲನೆಯದಕ್ಕಿಂತ ಹೆಚ್ಚು ಗಟ್ಟಿಯಾದದ್ದು, ಏಕೆಂದರೆ ಅದು ಓಡಿಸಿ ನೋಡಿದ ಮೇಲೆ ಬಂದದ್ದು. ಅದರಲ್ಲಿ ಒಂದು ನಿಜವಾದ ಭೌತಿಕ ಸಂಗತಿ ಅಡಗಿದೆ. ಮುಂದಿನ ಚಕ್ರ ಎಳೆಯುವ ಕಾರು ತಿರುವಿನಲ್ಲಿ ಹಿಡಿತದ ಮಿತಿಯ ಹತ್ತಿರ ಇರುವಾಗ ವೇಗವರ್ಧಕವನ್ನು ಒತ್ತಿದರೆ ಅದರ ದಾರಿ ಹೊರಕ್ಕೆ ಹಿಗ್ಗುತ್ತದೆ. ಕಾಲು ತೆಗೆದರೆ ಒಳಕ್ಕೆ ಕುಗ್ಗುತ್ತದೆ. ಹಿಂದಿನ ಚಕ್ರ ತಳ್ಳುವ ಕಾರಿನಲ್ಲಿ ಶಕ್ತಿ ಸಾಕಷ್ಟಿದ್ದರೆ, ಒತ್ತಿದಾಗ ಹಿಂಭಾಗ ತುಸು ಹೊರಸರಿದು ಮೂತಿ ಒಳಕ್ಕೆ ತಿರುಗುತ್ತದೆ. ವೇಗ ಏರುತ್ತಿರುವಾಗಲೇ ದಿಕ್ಕನ್ನೂ ತಿದ್ದಬಹುದು. ಅಂದರೆ ಚಾಲಕನ ಕೈಯಲ್ಲಿ ಒಂದು, ಕಾಲಲ್ಲಿ ಇನ್ನೊಂದು, ಹೀಗೆ ಎರಡು ನಿಯಂತ್ರಣಗಳು. ಇದು ಪ್ರಯಾಣದ ಸಮಯವನ್ನು ಕಡಿಮೆ ಮಾಡಬೇಕೆಂದೇನಿಲ್ಲ, ಹೆಚ್ಚಿಸಲೂಬಹುದು. ಆದರೆ ಓಡಿಸುವವನಿಗೆ ತಿಳಿಯುತ್ತದೆ.

ಸ್ಟಿಯರಿಂಗ್ ವಿಷಯವೂ ಹಾಗೆಯೇ. ಜಾರುವ ಮಿತಿ ಹತ್ತಿರವಾದಂತೆ ಮುಂದಿನ ಟಯರು ತನ್ನನ್ನು ತಾನೇ ನೇರ ಮಾಡಿಕೊಳ್ಳಲು ಹಾಕುವ ಬಲ ಇಳಿಯುತ್ತದೆ, ಸ್ಟಿಯರಿಂಗ್ ಹಗುರಾಗುತ್ತದೆ. ಅದು ಬೆರಳುಗಳಿಗೆ ಬರುವ ಎಚ್ಚರಿಕೆ. ಎಳೆಯುವ ಬಲವೂ ಅದೇ ಚಕ್ರದಲ್ಲಿದ್ದರೆ ಆ ಸಂದೇಶದೊಳಗೆ ಗದ್ದಲ ಸೇರುತ್ತದೆ. ತೆಪ್ಪ ಗದ್ದಲವನ್ನು ತಗ್ಗಿಸಿತು ನಿಜ. ಆದರೆ 680 ಕಿಲೋಗ್ರಾಮಿನ ಕಾರಿನಿಂದ ಬರುತ್ತಿದ್ದ ಸಂದೇಶವನ್ನು 1000 ದಾಟಿದ, ಸ್ಟಿಯರಿಂಗ್‌ಗೆ ಶಕ್ತಿಸಹಾಯ ಪಡೆದ ಎಸ್‌ಇ ಮಾದರಿಯಿಂದ ಮರಳಿ ಕೊಡುವುದು ಕಷ್ಟ. ನಿಲುಗಡಿಯಾರ ಇದನ್ನು ಅಳೆಯುವುದಿಲ್ಲ. ಅಳೆಯದ್ದು ಇಲ್ಲವೆಂದು ಅರ್ಥವಲ್ಲ. ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ ‘ಸರ್, ಲೆಕ್ಕ ಸರಿಯಿದೆ, ಆದರೆ ನನಗೆ ಹಾಗನ್ನಿಸುವುದಿಲ್ಲ’ ಎಂದಾಗ ನಾವು ಕೂಡಿಸುವ ಮೊದಲು, ಅವನು ಯಾವ ಪರಿಮಾಣದ ಬಗ್ಗೆ ಮಾತಾಡುತ್ತಿದ್ದಾನೆ ಎಂದು ಕೇಳುವುದು ಒಳ್ಳೆಯದು. ಎಲಾನ್ ವಿವಾದದಲ್ಲಿ ಆ ಪ್ರಶ್ನೆಯನ್ನು ಕೇಳಿದವರು ವಿರಳ.

ಹಾಗೆಂದು ಅಭಿಮಾನಿಗಳಿಗೆ ಪೂರ್ತಿ ಅಂಕ ಕೊಡಲಾರೆ. ಅವರ ನೆನಪು ಹಳೆಯ ಎಲಾನನ್ನು ತಿದ್ದಿ ಇಟ್ಟುಕೊಂಡಿತ್ತು. ಅದರ ಹಿಂದಿನ ಚಕ್ರಗಳಿಗೆ ಶಕ್ತಿ ತಲುಪುತ್ತಿದ್ದದ್ದು ರಬ್ಬರಿನ ದಪ್ಪ ಬಿಲ್ಲೆಗಳ ಮೂಲಕ. ಅವು ಸ್ಪ್ರಿಂಗಿನಂತೆ ಸುತ್ತಿಕೊಂಡು ಬಿಚ್ಚಿಕೊಳ್ಳುತ್ತಿದ್ದವು, ಹೊಸ ಚಾಲಕರ ಕೈಯಲ್ಲಿ ಕಾರು ಮೊಲದಂತೆ ಕುಪ್ಪಳಿಸುತ್ತಿತ್ತು. ಈ ಕುಪ್ಪಳಿಕೆಯನ್ನು ಯಾರೂ ಹೊಸ ಕಾರಿನಿಂದ ಬಯಸಲಿಲ್ಲ. ಮುಂದಿನ ಚಕ್ರದ ಚಾಲನೆ ಬ್ರಿಟಿಷ್ ಪರಂಪರೆಗೇ ಹೊರಗಿನದು ಎಂಬ ಮಾತಂತೂ ನಿಲ್ಲುವುದಿಲ್ಲ: 1959ರ ಮಿನಿ ಮುಂದಿನ ಚಕ್ರದ್ದು, ಅದು 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತ್ತು. ಚಾಪ್‌ಮನ್ ಇದ್ದಿದ್ದರೆ ಏನೆನ್ನುತ್ತಿದ್ದರು ಎಂದು ಎರಡೂ ಪಕ್ಷದವರು ಅವರನ್ನು ಸಾಕ್ಷಿಗೆ ಕರೆದದ್ದು ಇನ್ನೂ ತಮಾಷೆ.

ಕೊನೆಗೆ ಮಾರಾಟದ ಅಂಕಿ. 1992ರಲ್ಲಿ ಜನರಲ್ ಮೋಟಾರ್ಸ್ ತಯಾರಿಕೆ ನಿಲ್ಲಿಸಿದಾಗ ಆಗಿದ್ದ ಕಾರುಗಳು 3855. ಅದೇ 1989ರಲ್ಲಿ ಹೊರಬಂದ ಮಾಜ್ದಾ ಎಂಎಕ್ಸ್-5, ಹಳೆಯ ಎಲಾನಿನಿಂದಲೇ ಸ್ಫೂರ್ತಿ ಪಡೆದು ಹಿಂದಿನ ಚಕ್ರದ ಚಾಲನೆ ಉಳಿಸಿಕೊಂಡದ್ದು, 2016ರ ಹೊತ್ತಿಗೆ 10 ಲಕ್ಷ ದಾಟಿತು. ಎಲಾನ್ ಎಸ್‌ಇ ಗಂಟೆಗೆ 60 ಮೈಲಿ ಮುಟ್ಟಲು ಏಳು ಸೆಕೆಂಡಿಗಿಂತ ಕಡಿಮೆ ಸಾಕು. ಆಗಿನ ಮಾಜ್ದಾಗೆ ಸುಮಾರು ಒಂಬತ್ತು ಬೇಕಿತ್ತು. ನೋಡಿ, ನಿಧಾನದ್ದೇ ಗೆದ್ದಿತು, ಚಾಲನೆಯ ಚಕ್ರವೇ ಕಾರಣ ಎಂದು ಅಭಿಮಾನಿಗಳು ಇಂದಿಗೂ ಹೇಳುತ್ತಾರೆ. ಇದು ದುರ್ಬಲ ಅನುಮಾನ. ಮಾಜ್ದಾ ಅಗ್ಗವಾಗಿತ್ತು, ದೊಡ್ಡ ಕಂಪನಿಯ ಮಳಿಗೆಗಳಲ್ಲಿ ಸಿಗುತ್ತಿತ್ತು. ಎಲಾನ್ ಬಂದದ್ದು ಆರ್ಥಿಕ ಹಿಂಜರಿತದ ಬಾಗಿಲಲ್ಲಿ. ಹಲವು ಚರಾಂಶಗಳು ಒಟ್ಟಿಗೆ ಬದಲಾದ ಪ್ರಯೋಗದಿಂದ ಒಂದನ್ನು ಆರಿಸಿ ಕಾರಣವೆನ್ನುವುದನ್ನು ಹತ್ತನೆಯ ತರಗತಿಯಲ್ಲೂ ನಾವು ಒಪ್ಪುವುದಿಲ್ಲ.

ಎಂ100ರ ಕತೆ ಅಲ್ಲಿಗೇ ಮುಗಿಯಲಿಲ್ಲ. 1994–95ರಲ್ಲಿ ಉಳಿದ ಎಂಜಿನ್‌ಗಳಿಂದ ಇನ್ನೂ 800 ಕಾರುಗಳು ತಯಾರಾದವು. ಬಳಿಕ ವಿನ್ಯಾಸವನ್ನು ದಕ್ಷಿಣ ಕೊರಿಯಾದ ಕಿಯಾ ಕೊಂಡು ತನ್ನ ಎಂಜಿನ್ ಕೂರಿಸಿ ಕೆಲವು ವರ್ಷ ಮಾರಿತು. ಈಗ ಎಂ100ಕ್ಕೂ ಅದರದೇ ಅಭಿಮಾನಿಗಳಿದ್ದಾರೆ, ಅವರೂ ಅಷ್ಟೇ ಹಠವಾದಿಗಳು.

ಹಳೆಯ ಅಭಿಮಾನಿಗಳು ಹೊಸತನ್ನೇ ವಿರೋಧಿಸುವವರು ಎಂಬ ಆರೋಪಕ್ಕೆ ಉತ್ತರ 1996ರಲ್ಲಿ ಮಾರಾಟಕ್ಕೆ ಬಂದ ಲೋಟಸ್ ಎಲೀಸ್‌ನಲ್ಲಿದೆ. ಅದರ ಚೌಕಟ್ಟು ಅಂಟಿನಿಂದ ಜೋಡಿಸಿದ ಅಲ್ಯುಮಿನಿಯಂ, ಎಂಜಿನ್ ಆಸನಗಳ ಹಿಂದೆ, ಎಲಾನಿನ ಹೋಲಿಕೆ ಎಲ್ಲೂ ಇಲ್ಲ. ಆದರೂ ಅದನ್ನು ಅವರು ತಕ್ಷಣ ತಮ್ಮದೆಂದು ಒಪ್ಪಿಕೊಂಡರು. ಹೆಸರು ಹೊಸದು, ಹಾಗಾಗಿ ಹಳೆಯ ವಾಗ್ದಾನದ ಹಂಗಿರಲಿಲ್ಲ. ತೂಕ 725 ಕಿಲೋಗ್ರಾಂ ಸುಮಾರು, ತಳ್ಳುವುದು ಹಿಂದಿನ ಚಕ್ರ, ಸ್ಟಿಯರಿಂಗ್‌ಗೆ ಶಕ್ತಿಸಹಾಯವಿಲ್ಲ. 2021ರಲ್ಲಿ ತಯಾರಿಕೆ ನಿಲ್ಲುವವರೆಗೂ ಲೋಟಸ್ ಅದಕ್ಕೆ ಆ ಸಹಾಯವನ್ನು ಜೋಡಿಸಲಿಲ್ಲ.