ಬೋಪಣ್ಣ ಅವರ ಸರ್ವ್, ಹತ್ತಿರದಿಂದ

ಟೆನಿಸ್ ಡಬಲ್ಸ್ ಟೀವಿಗೆ ಒಗ್ಗುವ ಆಟವಲ್ಲ. ಕ್ಯಾಮೆರಾ ಒಂದು ತುದಿಯಲ್ಲಿ, ಎತ್ತರದಲ್ಲಿ ಇರುತ್ತದೆ. ಅಲ್ಲಿಂದ ನೋಡಿದರೆ ಕೋರ್ಟು ಚಪ್ಪಟೆ, ಚೆಂಡು ನಿಧಾನ, ಎಲ್ಲ ಹೊಡೆತವೂ ಸಲೀಸು. ರೋಹನ್ ಬೋಪಣ್ಣ ಅವರನ್ನು ವರ್ಷಗಟ್ಟಲೆ ನಾನು ಹೀಗೇ ನೋಡಿದ್ದೆ. 2010ರ ಯು.ಎಸ್. ಓಪನ್ ಫೈನಲ್‌ನಲ್ಲಿ ಐಸಾಮ್ ಖುರೇಷಿ ಜೊತೆಗೂಡಿ ಬ್ರಯಾನ್ ಸೋದರರಿಗೆ ಸೋತಾಗ ಮನಸ್ಸಿಗೆ ಬೇಜಾರಾಗಿತ್ತು. ಕೊಡಗಿನವರು, ನಮ್ಮವರು ಎಂಬ ಅಭಿಮಾನ. ಅವರ ಆಟ ಎಂಥದ್ದೆಂದು ತಿಳಿದದ್ದು ಮಾತ್ರ 2014ರ ಸೆಪ್ಟೆಂಬರ್‌ನಲ್ಲಿ.

ಡೇವಿಸ್ ಕಪ್‌ಗೆ ಸರ್ಬಿಯಾ ಬೆಂಗಳೂರಿಗೆ ಬಂದಿತ್ತು. ಜೊಕೊವಿಚ್ ಬರುವುದಿಲ್ಲವೆಂದು ಗೊತ್ತಾಗಿ ಎಷ್ಟೋ ಜನರ ಉತ್ಸಾಹ ಇಳಿಯಿತು. ನನಗೆ ಬೇಕಿದ್ದವರು ಬೋಪಣ್ಣ. ಮೂಡಲಗಿಯ ಗೆಳೆಯನೂ ನಾನೂ ಘಟಪ್ರಭಾದಲ್ಲಿ ರಾಣಿ ಚನ್ನಮ್ಮ ರೈಲು ಹತ್ತಿದೆವು.

13ರ ಶನಿವಾರ, ಕಬ್ಬನ್ ಪಾರ್ಕಿನ ಕೆಎಸ್‌ಎಲ್‌ಟಿಎ ಅಂಗಣ. ಹಿಂದಿನ ದಿನ ಎರಡೂ ಸಿಂಗಲ್ಸ್ ಸೋತಿದ್ದೆವು. ಡಬಲ್ಸೂ ಹೋದರೆ ಅಲ್ಲಿಗೆ ಮುಗಿಯಿತು. ಬೋಪಣ್ಣ–ಲಿಯಾಂಡರ್ ಪೇಸ್ ಜೋಡಿಯ ಎದುರು ನೆನಾದ್ ಝಿಮೊನಿಚ್ ಮತ್ತು ಇಲಿಯಾ ಬೊಝೊಲ್ಯಾಕ್. ಬೋಪಣ್ಣ ಮೊದಲ ಸರ್ವ್ ಹೊಡೆದಾಗ ಗೆಳೆಯ ತೋಳು ಹಿಡಿದು ಜಗ್ಗಿದ: ‘ಲೇ, ಬಾಲ್ ಕಾಣವಲ್ದಲೋ! ಟೀವ್ಯಾಗ ಚಂದ ಕಾಣ್ತಿತ್ತು.’

ನಿಜ, ಕಾಣುವುದಿಲ್ಲ. ಮೊದಲು ಸದ್ದು ಕೇಳುತ್ತದೆ, ಆಮೇಲೆ ಎದುರಾಳಿಯ ರ‍್ಯಾಕೆಟ್ ತಿರುಚಿಕೊಳ್ಳುವುದು ಕಾಣುತ್ತದೆ. ಅದಕ್ಕೇ ಒಂದೆರಡು ಗೇಮ್ ಆದಮೇಲೆ ನಾನು ಚೆಂಡಿನ ಬೆನ್ನು ಹತ್ತುವುದನ್ನೇ ಬಿಟ್ಟೆ. ಗೋಕಾಕ, ಹುಕ್ಕೇರಿ ಸೀಮೆಯ ಜಾತ್ರೆಗಳಲ್ಲಿ ಕುಸ್ತಿ ನೋಡಿ ಪಳಗಿದ ಹಿರಿಯರು ಪೈಲ್ವಾನರ ಕೈ ನೋಡುವುದಿಲ್ಲ, ಕಾಲು ನೋಡುತ್ತಾರೆ. ನಾನೂ ಬೋಪಣ್ಣ ಅವರ ಕಾಲಿಗೇ ಕಣ್ಣು ನೆಟ್ಟೆ.

ಆಗ ಆಟವೇ ಬೇರೆಯಾಯಿತು. ಸರ್ವ್‌ಗೆ ಮುನ್ನ ಮೊಣಕಾಲು ಬಾಗುತ್ತದೆ, ಚೆಂಡು ಮೇಲೇರುತ್ತದೆ, ಅಷ್ಟೆತ್ತರದ ಮೈ ಒಮ್ಮೆಗೇ ನೆಲ ಬಿಡುತ್ತದೆ. ಇಳಿಯುವ ಹೆಜ್ಜೆ ಕೋರ್ಟಿನ ಒಳಗೇ ಬೀಳುತ್ತದೆ. ಅದೇ ನೆಟ್ ಕಡೆ ಓಡುವ ಮೊದಲ ಹೆಜ್ಜೆ. ಮುಂದೆ ನೆಟ್ ಬಳಿ ಪೇಸ್ ಬೆನ್ನ ಹಿಂದೆ ಬೆರಳು ತೋರಿಸುತ್ತಾರೆ: ಅಡ್ಡ ನುಗ್ಗುತ್ತೇನೋ, ಇಲ್ಲೇ ನಿಲ್ಲುತ್ತೇನೋ ಎಂಬ ಗುಟ್ಟು. ಬೋಪಣ್ಣ ಸರ್ವ್ ಎಲ್ಲಿ ಬೀಳಿಸಬೇಕೆನ್ನುವುದು ಆ ಬೆರಳಿಗೆ ಹೊಂದಿಕೊಂಡಿರುತ್ತದೆ. ಅವರ ಒಂಟಿಗೈ ಬ್ಯಾಕ್‌ಹ್ಯಾಂಡ್ ಕೂಡ ಟೀವಿಯಲ್ಲಿ ಬರೀ ಚೆಲುವಾಗಿ ಕಾಣುತ್ತಿತ್ತು. ಇಲ್ಲಿ ಅದರ ಭಾರ ಗೊತ್ತಾಯಿತು: ಭುಜ ಪೂರ್ತಿ ತಿರುಗಿ, ನೆಟ್‌ಗೆ ಓಡಿಬರುವವನ ಕಾಲಬುಡಕ್ಕೆ ಚೆಂಡು ಕುಟ್ಟುವುದು.

ಮೊದಲ ಸೆಟ್ 1–6, ಎರಡನೆಯದು ಟೈಬ್ರೇಕ್‌ನಲ್ಲಿ ಹೋಯಿತು. ಆಮೇಲಿನ ಎರಡೂ ಸೆಟ್ 6–3, 6–3ರಿಂದ ನಮ್ಮವು. ಐದನೇ ಸೆಟ್‌ನಲ್ಲಿ ಡೇವಿಸ್ ಕಪ್‌ಗೆ ಆಗ ಟೈಬ್ರೇಕ್ ಇರಲಿಲ್ಲ. ಎರಡು ಗೇಮ್ ಮುನ್ನಡೆ ಸಿಗುವ ತನಕ ಆಡಲೇಬೇಕು. 8–6! ಅಂಥ ಸೆಟ್ಟನ್ನು ನಿಯಮ ಬದಲಿಸಿ ಮೊಟಕುಗೊಳಿಸಿದ್ದು ನನಗೆ ಇಂದಿಗೂ ಒಪ್ಪಿಗೆಯಿಲ್ಲ. 41ರ ಪೇಸ್, 34ರ ಬೋಪಣ್ಣ ಎರಡು ಸೆಟ್ ಸೋತ ಮೇಲೆ ಅಷ್ಟು ಹೊತ್ತು ನಿಂತು ಗೆದ್ದರು. ಕೊನೆಗೆ ಸರ್ಬಿಯಾವೇ 3–2ರಿಂದ ಮುಂದೆ ಹೋಯಿತು, ಅದು ಬೇರೆ ಮಾತು.

2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಬೋಪಣ್ಣ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದರು, ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒಂದಾದರು. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿತ್ತು, ಅಯ್ಯಂಗಾರ್ ಯೋಗ ಕೈಹಿಡಿಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಆ ಮೊಣಕಾಲುಗಳು ಸರ್ವ್‌ಗೆ ಎಷ್ಟು ಬಾಗುತ್ತವೆಂದು ಹತ್ತಿರದಿಂದ ಕಂಡಿದ್ದ ನನಗೆ ಆ ಗೆಲುವಿನ ಬೆಲೆ ಚೆನ್ನಾಗಿ ಅರ್ಥವಾಯಿತು. 2025ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ಅವರು ವಿದಾಯ ಹೇಳಿದರು.

ನಮ್ಮ ಕಡೆಯ ಹುಡುಗರು ಟೆನಿಸ್ ನೋಡಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ. 2023ರ ಅಕ್ಟೋಬರ್‌ನಲ್ಲಿ ಧಾರವಾಡದಲ್ಲೇ ಐಟಿಎಫ್ ಟೂರ್ನಿ ನಡೆದು ರಾಮಕುಮಾರ್ ರಾಮನಾಥನ್ ಗೆದ್ದಿದ್ದರು. ಮತ್ತೆ ಅಂಥದ್ದು ನಡೆದರೆ ಬೇಸ್‌ಲೈನ್ ಹಿಂದೆ, ಕೆಳಗಿನ ಸಾಲಿನಲ್ಲಿ ಜಾಗ ಹಿಡಿಯಿರಿ. ಇಡೀ ಒಂದು ಗೇಮ್ ಒಬ್ಬರನ್ನೇ ನೋಡಿ, ಚೆಂಡು ಅವರ ಹತ್ತಿರ ಇಲ್ಲದಾಗಲೂ.