ರೆಕ್ಕೆಯ ಕೆಳಗೆ ಕಡೂರು

ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬೇಗ ತಲುಪಬೇಕು ಎನ್ನುವವರು ದಯವಿಟ್ಟು ಜನಶತಾಬ್ದಿ ಹತ್ತಲಿ. ಜಯನಗರದಿಂದ ದೇವನಹಳ್ಳಿಗೆ ಓಡಿ, ತಪಾಸಣೆಯ ಸಾಲಿನಲ್ಲಿ ಬೆಲ್ಟು ಬಿಚ್ಚಿ ಕಟ್ಟಿ, ಬಸ್ಸಿನಲ್ಲಿ ವಿಮಾನದ ಬುಡ ಸೇರಿ, ಆಮೇಲೆ ಶಿವಮೊಗ್ಗದ ಸೋಗಾನೆ ನಿಲ್ದಾಣದಲ್ಲಿಳಿದು ಆಟೊ ಹಿಡಿಯುವಷ್ಟರಲ್ಲಿ ರೈಲಿನವರೂ ಹೆಚ್ಚುಕಮ್ಮಿ ಊರು ಮುಟ್ಟಿರುತ್ತಾರೆ. ಈ ದಾರಿಯಲ್ಲಿ ವಿಮಾನದ ಟಿಕೆಟನ್ನು ಗಡಿಯಾರ ನೋಡಿ ಕೊಳ್ಳಬಾರದು, ಕಿಟಕಿಗಾಗಿ ಕೊಳ್ಳಬೇಕು.

ಕಿಟಕಿ ಎಂದರೆ ಎಟಿಆರ್ 72ರ ಕಿಟಕಿ. ಫ್ರಾನ್ಸಿನ ಟುಲೂಸ್‌ನಲ್ಲಿ ತಯಾರಾಗುವ, ಫ್ಯಾನ್ ತಿರುಗಿಸಿಕೊಂಡು ಹಾರುವ ಈ ವಿಮಾನವನ್ನು ನೋಡಿ ಮೂಗು ಮುರಿಯುವವರೇ ಜಾಸ್ತಿ. ‘ಹಳೇ ಕಾಲದ್ದು’ ಅನ್ನುತ್ತಾರೆ. ಸುಳ್ಳು. ಫ್ಯಾನ್‌ಗಳ ಹಿಂದೆ ಇರುವುದೂ ಟರ್ಬೈನ್ ಎಂಜಿನ್ನೇ. ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗ, ಜೆಟ್ಟಿನದು 800. ಹುಬ್ಬಳ್ಳಿಯಷ್ಟು ದೂರಕ್ಕೆ ಆ ವ್ಯತ್ಯಾಸ ಸುಮಾರು ಕಾಲು ಗಂಟೆ, ಅಷ್ಟೆ. ಇಂಧನ ಮಾತ್ರ ಗಣನೀಯವಾಗಿ ಉಳಿಯುತ್ತದೆ, ಗಿಡ್ಡ ರನ್‌ವೇಯೂ ಸಾಕಾಗುತ್ತದೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿದಾಗ ಇದರ ಚಿಕ್ಕ ತಮ್ಮ ಎಟಿಆರ್ 42ನ್ನೇ ತಂದದ್ದು ಸುಮ್ಮನೆ ಅಲ್ಲ.

ನನಗೆ ಇಷ್ಟವಾಗುವುದು ಅದರ ಎತ್ತರ, ಅಂದರೆ ಎತ್ತರ ಇಲ್ಲದಿರುವುದು. 25,000 ಅಡಿಗಿಂತ ಮೇಲೆ ಅದು ಹೋಗುವಂತಿಲ್ಲ. ಒಂದು ಗಂಟೆಯ ದಾರಿಯಲ್ಲಿ ಅಷ್ಟಕ್ಕೂ ಏರುವುದಿಲ್ಲ. ರೆಕ್ಕೆ ಬೇರೆ ತಲೆಯ ಮೇಲಿರುವುದರಿಂದ ಕೆಳಗಿನ ನೆಲಕ್ಕೆ ಯಾವ ಮರೆಯೂ ಇಲ್ಲ. ಶಿವಮೊಗ್ಗಕ್ಕೆ ಹೋಗುವಾಗ ಎಡಬದಿ ಹಿಡಿಯಿರಿ. ತುಮಕೂರು ದಾಟಿದ ಮೇಲೆ ಕೆರೆಗಳು ಶುರುವಾಗುತ್ತವೆ. ಒಂದರ ಕೋಡಿ ಬಿದ್ದ ನೀರು ಇನ್ನೊಂದಕ್ಕೆ, ಅದರದ್ದು ಮುಂದಿನದಕ್ಕೆ. ನಮ್ಮ ಹಿರಿಯರು ಕಟ್ಟಿದ ಈ ಲೆಕ್ಕಾಚಾರ ರಸ್ತೆಯಲ್ಲಿ ಹೋಗುವವನ ಕಣ್ಣಿಗೆ ಬೀಳುವುದೇ ಇಲ್ಲ, ಮೇಲಿನಿಂದ ಒಂದೇ ನೋಟಕ್ಕೆ ಸಿಗುತ್ತದೆ. ಏರಿಯ ಈಚೆ ತೆಂಗು, ಅಡಿಕೆ; ಆಚೆ ನೀರು ಅಥವಾ, ಬೇಸಿಗೆಯಾದರೆ, ಬಿರುಕುಬಿಟ್ಟ ಕಂದು ಮಣ್ಣು. ತಿಪಟೂರು, ಅರಸೀಕೆರೆಯ ಕಡೆಯ ತೋಟಗಳು ಹಿಂದೆ ಸರಿದು ಕಡೂರಿನ ಬಯಲು ಬಂದಾಗ ಅದರಾಚೆ ಬಾಬಾಬುಡನ್‌ಗಿರಿಯ ಸಾಲು ಏಳುತ್ತದೆ. ಇಳಿಯಲು ಶುರುಮಾಡುವ ಹೊತ್ತಿಗೆ ಭದ್ರಾ ಜಲಾಶಯ. ಬಲಬದಿಯವರಿಗೂ ಮೋಸವಿಲ್ಲ, ಹವೆ ತಿಳಿಯಾಗಿದ್ದರೆ ದೂರದಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕಾಣಬಹುದು. ಇಷ್ಟನ್ನೆಲ್ಲ ಬಿಟ್ಟು ಮೊಬೈಲಿನಲ್ಲಿ ಸಿನಿಮಾ ನೋಡುವ ಪಕ್ಕದವರ ಬಗ್ಗೆ ನನಗೆ ಸಿಟ್ಟಿಲ್ಲ. ಆದರೆ ಅವರು ಕಿಟಕಿಯ ಸೀಟು ಹಿಡಿದು ಪರದೆ ಎಳೆದರೆ ಬರುತ್ತದೆ.

ಹತ್ತುವ ಮುಂಚೆಯೂ ನೋಡಲು ಇದೆ. ಈ ವಿಮಾನದ ಬಾಗಿಲು ಹಿಂಬದಿಯಲ್ಲಿ, ಲಗೇಜಿನ ಜಾಗ ಮುಂದೆ, ಪೈಲಟ್‌ಗಳ ಬೆನ್ನಿಗೆ. ಜನರೆಲ್ಲ ಒಟ್ಟಿಗೆ ಹಿಂದೆ ಹತ್ತಿದರೆ ಬಾಲ ನೆಲಕ್ಕೆ ಕೂರದಿರಲಿ ಎಂದು ಅದರಡಿ ಒಂದು ಊರುಗೋಲು ನಿಲ್ಲಿಸಿರುತ್ತಾರೆ. ದೊಡ್ಡ ವಿಮಾನಗಳ ಬಾಲದಲ್ಲಿರುವ ಸಣ್ಣ ಸಹಾಯಕ ಎಂಜಿನ್ ಇದಕ್ಕಿಲ್ಲ. ಬದಲಿಗೆ ಬಲಗಡೆಯ ಎಂಜಿನ್ನನ್ನು ಚಾಲೂ ಇಟ್ಟು, ಅದರ ಫ್ಯಾನಿಗೆ ಮಾತ್ರ ಬ್ರೇಕ್ ಹಾಕಿ, ಒಳಗೆ ಕರೆಂಟು, ತಂಪುಗಾಳಿ ಒದಗಿಸುತ್ತಾರೆ. ಎಂಜಿನ್ ಮೊರೆಯುತ್ತಿದ್ದರೂ ಫ್ಯಾನ್ ಅಲ್ಲಾಡದೆ ನಿಂತಿದ್ದರೆ ಕೆಟ್ಟಿದೆ ಎಂದು ಗಾಬರಿಯಾಗಬೇಡಿ.

ಸೀಟಿನ ವಿಚಾರದಲ್ಲಿ ನಾನು ಹಟಮಾರಿ. ಫ್ಯಾನಿನ ನೇರಕ್ಕಿರುವ ಮುಂದಿನ ಸಾಲುಗಳಲ್ಲಿ ಗದ್ದಲ ಮತ್ತು ನಡುಕ. ಹಿಂದೆ ಹೋದಷ್ಟೂ ಕಿವಿಗೆ ಹಿತ, ಇಳಿಯುವಾಗ ಬಾಗಿಲೂ ಹತ್ತಿರ. ರೆಕ್ಕೆಯ ತುಸು ಹಿಂದೆ ಕೂತರೆ ಚಕ್ರ ಹೊಟ್ಟೆಯೊಳಗಿನಿಂದ ಹೊರಬರುವುದೂ ನೆಲ ಮುಟ್ಟಿ ಹೊಗೆಯೆಬ್ಬಿಸುವುದೂ ಕಾಣುತ್ತದೆ. ದೊಡ್ಡ ಟ್ರಾಲಿ ಸೂಟ್‌ಕೇಸ್ ಒಯ್ಯಬೇಡಿ, ತಲೆಯ ಮೇಲಿನ ಗೂಡಿಗೆ ಅದು ಹಿಡಿಸುವುದಿಲ್ಲ. ಇನ್ನು ಸ್ಟಾರ್ ಏರ್‌ನವರ 50 ಸೀಟಿನ ಎಂಬ್ರೇಯರ್ 145 ಸಿಕ್ಕರೆ ಎಡಗಡೆಯ ‘ಎ’ ಸೀಟು ಕೇಳಿ ಪಡೆಯಿರಿ. ಆ ಬದಿಯಲ್ಲಿ ಸಾಲಿಗೊಂದೇ ಸೀಟು, ಕಿಟಕಿಯೂ ನಿಮ್ಮದೇ, ನಡೆಯುವ ದಾರಿಯೂ ನಿಮ್ಮದೇ. ಆದರೆ ಅದು ಜೆಟ್, ಅವಸರದ ಗಿರಾಕಿ. ಕೆರೆ ಎಣಿಸಲು ಬಿಡುವುದಿಲ್ಲ.

ಕಷ್ಟಗಳನ್ನು ಮುಚ್ಚಿಡಲಾರೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಕಾದ ನೆಲದಿಂದೇಳುವ ಗಾಳಿ ಈ ಎತ್ತರದಲ್ಲಿ ಚೆನ್ನಾಗಿಯೇ ಕುಲುಕಿಸುತ್ತದೆ. ಉಪಕರಣಗಳು ಸಾಲದ ಸಣ್ಣ ನಿಲ್ದಾಣಗಳಲ್ಲಿ ಪೈಲಟ್ ಕಣ್ಣಿನಿಂದಲೇ ರನ್‌ವೇ ಗುರುತಿಸಬೇಕು. ಹಾಗೆ ಇಳಿಯಲು 5 ಕಿಲೋಮೀಟರ್‌ವರೆಗೆ ಕಾಣುತ್ತಿರಬೇಕೆಂಬುದು ನಿಯಮ. ಮಲೆನಾಡಿನ ಮಂಜಿಗೆ ಈ ನಿಯಮ ತಿಳಿಯದು. ಚಳಿಗಾಲದಲ್ಲಿ ಮೊದಲ ವಿಮಾನ ಬಿಟ್ಟು ಹತ್ತು ಗಂಟೆಯ ನಂತರದ್ದು ಹಿಡಿಯುವುದು ಜಾಣತನ. ಬೆರಳೆಣಿಕೆಯ ವಿಮಾನ ಇಟ್ಟುಕೊಂಡ ಕಂಪನಿಯಲ್ಲಿ ಒಂದು ಕೆಟ್ಟರೆ ಇಡೀ ದಿನದ ವೇಳಾಪಟ್ಟಿ ಕುಸಿಯುತ್ತದೆ. ಮದುವೆ ಮುಹೂರ್ತಕ್ಕೆ ಇದನ್ನು ನಂಬಬೇಡಿ.

ಮಾರ್ಗಗಳ ಆಯುಷ್ಯವೂ ಅಷ್ಟಕ್ಕಷ್ಟೆ. ಸಣ್ಣ ಊರುಗಳಿಗೆ ವಿಮಾನ ಒದಗಿಸುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಅರ್ಧದಷ್ಟು ಸೀಟಿಗೆ ದರ ನಿಗದಿ ಮಾಡಿ, ನಷ್ಟ ತುಂಬಿಕೊಡುವ ಹಣ ಮೂರು ವರ್ಷ ಸಿಗುತ್ತದೆ. ಆಮೇಲೆ ಸ್ವಂತ ಕಾಲು. ಬೀದರಿಗೆ, ತೋರಣಗಲ್ಲಿನ ವಿದ್ಯಾನಗರಕ್ಕೆ ಎಟಿಆರ್ ಹಾರಿಸಿದ ಟ್ರೂಜೆಟ್ 2022ರಲ್ಲಿ ಹಾರಾಟವನ್ನೇ ನಿಲ್ಲಿಸಿತು. ಬೆಂಗಳೂರು–ಮೈಸೂರು ವಿಮಾನವೂ ಇತ್ತು. ಅದನ್ನು ಹತ್ತಿದವರು ನಿಜವಾದ ರಸಿಕರು, ಬೇರೆ ಕಾರಣ ನನಗೆ ತೋಚುವುದಿಲ್ಲ.

ರುಚಿ ಹತ್ತಿದವರಿಗೆ ಮುಂದಿನ ಮೆಟ್ಟಿಲು ಲಕ್ಷದ್ವೀಪದ ಅಗತ್ತಿ. ಸೋಗಾನೆಯ ರನ್‌ವೇ 3,200 ಮೀಟರ್, ಅಗತ್ತಿಯದು ಸುಮಾರು 1,200. ಎರಡು ತುದಿಗೂ ಸಮುದ್ರ. ಎಟಿಆರ್‌ನಂಥದ್ದಕ್ಕೂ ಅಲ್ಲಿ ಭಾರದ ಕಟ್ಟುಪಾಡು, ಕೆಲವು ಸೀಟು ಖಾಲಿ ಬಿಟ್ಟೇ ಏಳಬೇಕು. ಕೊಚ್ಚಿಯಿಂದ ಒಂದೂವರೆ ಗಂಟೆಯೊಳಗಿನ ದಾರಿ. ದ್ವೀಪಕ್ಕೆ ಪ್ರವೇಶ ಪರ್ಮಿಟ್ ಕಡ್ಡಾಯ, ಅದು ಕೈಗೆ ಬರುವ ತನಕ ಟಿಕೆಟಿಗೆ ದುಡ್ಡು ಕಟ್ಟಬೇಡಿ.