ಗಂಟೆಗೆ ಆರೂಕಾಲು ರೂಪಾಯಿ

ಹೋದ ಡಿಸೆಂಬರಿನಲ್ಲಿ ಅಕ್ಕನ ಮಗುವಿಗೆ ಅಂತ ಒಂದು ಸ್ವೆಟರ್, ಒಂದು ಕುಲಾವಿ, ಒಂದು ಜೊತೆ ಕಾಲುಚೀಲ ಹೆಣೆಸಿದೆ. ಹೆಣೆದವರು ಯಲಹಂಕ ನ್ಯೂಟೌನಿನ ನಮ್ಮ ಬೀದಿಯವರೇ, ಎರಡು ಮನೆ ಆಚೆಯ ಆಂಟಿ. ‘ಎಷ್ಟು ಕೊಡ್ಲಿ ಆಂಟಿ?’ ಅಂದ್ರೆ, ‘ಉಲ್ಲನ್ ದುಡ್ಡು ಕೊಟ್ಬಿಡಮ್ಮ ಸಾಕು, ಮಗೂಗೆ ತಾನೆ’ ಅಂದ್ರು. ಉಲ್ಲನ್‌ಗೆ 350 ರೂಪಾಯಿ ಆಗಿತ್ತು. ನಾನು 500 ಕೊಟ್ಟು, ಚಿಲ್ಲರೆ ಬೇಡ ಆಂಟಿ ಅಂದೆ. ಧಾರಾಳವಾಗಿ ಕೊಟ್ಟೆ ಅನ್ನೋ ಖುಷಿ ಬೇರೆ.

ಆಮೇಲೊಂದು ದಿನ ಹಾಲು ತರೋಕೆ ಹೋದಾಗ ಸಿಕ್ಕಿ ಅವರೇ ಹೇಳಿದ್ರು: ‘ಊಟ ಆದ್ಮೇಲೆ ದಿನಾ ಎರಡು ಗಂಟೆ ಕೂರ್ತಿದ್ದೆ. ಹನ್ನೆರಡು ದಿನ ಹಿಡೀತು ನೋಡು. ಕುಲಾವಿ ಬಿಗಿ ಆಯ್ತು ಅಂತ ಒಂದ್ಸಲ ಪೂರ್ತಿ ಬಿಚ್ಚಿ ಮತ್ತೆ ಹೆಣೆದೆ.’

ಅಂದರೆ 24 ಗಂಟೆ. ನಾನು ಮೇಲೆ ಕೊಟ್ಟಿದ್ದು 150 ರೂಪಾಯಿ. ಗಂಟೆಗೆ ಆರೂಕಾಲು. ಆಂಟಿ ಈ ಲೆಕ್ಕ ಹಾಕಿರಲಿಕ್ಕಿಲ್ಲ. ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೂತು ಪ್ರತಿ ಶುಕ್ರವಾರ ಟೈಮ್‌ಶೀಟ್ ತುಂಬುವ ನನಗೆ ಹಾಕದೆ ಇರೋಕೆ ಆಗಲಿಲ್ಲ.

‘ಅದು ಅವರ ಹವ್ಯಾಸ ಕಣೇ, ಟೈಮ್‌ಪಾಸ್’ ಅಂದಳು ಗೆಳತಿ. ನನಗೆ ತಕರಾರಿರೋದು ಈ ಮಾತಿನ ಮೇಲೇ. ಹೆಂಗಸರು ಮನೆಯಲ್ಲಿ ಕೂತು ಮಾಡಿದ ಕೆಲಸಕ್ಕೆ ನಾವು ಹವ್ಯಾಸ, ಪ್ರೀತಿ, ತಾಳ್ಮೆ ಅಂತೆಲ್ಲ ಹೆಸರಿಡ್ತೀವಿ. ಕೂಲಿ ಅನ್ನೋ ಹೆಸರೊಂದನ್ನು ಬಿಟ್ಟು. ಖುಷಿಯಿಂದ ಕೋಡ್ ಬರೆಯುವವರಿಗೆ ಸಂಬಳ ಕಡಿಮೆ ಮಾಡಿದ್ದನ್ನು ಯಾರಾದ್ರೂ ಕೇಳಿದ್ದೀರಾ?

ನಮ್ಮ ಕಣ್ಣು ಕೆಡಿಸಿರೋದು ಯಂತ್ರದ ಬೆಲೆ. ನಾವು ಹಾಕುವ ಟೀ ಶರ್ಟ್ ಕೂಡ ಹೆಣಿಗೆಯ ಬಟ್ಟೆಯೇ. ತಿರುಪ್ಪೂರಿನ ಯಂತ್ರಗಳು ಅದೇ ಕುಣಿಕೆಗಳನ್ನು ಕ್ಷಣಕ್ಕೆ ಸಾವಿರಗಟ್ಟಲೆ ಹಾಕುತ್ತವೆ. ಇಂಗ್ಲೆಂಡಿನ ವಿಲಿಯಂ ಲೀ ಹೆಣೆಯುವ ಯಂತ್ರ ಕಟ್ಟಿದ್ದು 1589ರಲ್ಲಿ. ಚಳಿಗಾಲದಲ್ಲಿ ಟಿಬೆಟನ್ನರು ಮಾರುವ ಸ್ವೆಟರನ್ನು ಕೈಹೆಣಿಗೆ ಅಂತ ನಂಬಿ ಕೊಳ್ಳುವವರಿದ್ದಾರೆ. ಬಹುಪಾಲು ಬರುವುದು ಲೂಧಿಯಾನದ ಕಾರ್ಖಾನೆಗಳಿಂದ. ಅದರಲ್ಲಿ ತಪ್ಪೇನಿಲ್ಲ. ಆ ಬೆಲೆ ತಂದು ಆಂಟಿಯ ಕಡ್ಡಿಗಳ ಪಕ್ಕ ಇಟ್ಟು ಚೌಕಾಸಿ ಮಾಡೋದು ತಪ್ಪು.

ಕ್ರೋಶಾ ಕಥೆ ಇನ್ನೂ ವಿಚಿತ್ರ. ಕಾರ್ಖಾನೆಗಳು ಅದರ ಹಾಗೆ ಕಾಣುವ ಬಟ್ಟೆ ಮಾಡುತ್ತವೆ. ನಿಜವಾದ ಕ್ರೋಶಾ ಇವತ್ತಿಗೂ ಕೊಕ್ಕೆ ಹಿಡಿದ ಕೈಯಿಂದಲೇ ಆಗಬೇಕು. ಹಾಗಾದರೆ ಹೆಬ್ಬಾಳದ ಕಡೆ ಮಾಲ್‌ನಲ್ಲಿ ನಿಜವಾದ ಕ್ರೋಶಾ ಟಾಪ್ 899ಕ್ಕೆ ತೂಗುತ್ತಿದ್ದರೆ, ಬಾಡಿಗೆ, ಸಾಗಾಟ, ಲಾಭ ಎಲ್ಲ ಕಳೆದು ಹೆಣೆದವರ ಕೈಗೆ ಎಷ್ಟು ಬಂದಿರಬಹುದು? ಆ ಟ್ಯಾಗಿನ ಮೇಲೆ ‘ಕೈಯಿಂದ ಮಾಡಿದ್ದು’ ಅಂತ ಇರುತ್ತೆ, ಯಾರ ಕೈ ಅಂತ ಇರಲ್ಲ.

ಈ ಪ್ರಶ್ನೆಯನ್ನು ಕರ್ನಾಟಕದಲ್ಲಿ ಬೀದಿಗೆ ತಂದವರು ರಂಗಕರ್ಮಿ ಪ್ರಸನ್ನ. ಸಾಗರ ತಾಲೂಕಿನ ಹೆಗ್ಗೋಡಿನ ಹತ್ತಿರ ಹಳ್ಳಿಯ ಹೆಂಗಸರ ಜೊತೆ ‘ಚರಕ’ ಸಂಸ್ಥೆ ಕಟ್ಟಿದವರು. 2017ರಲ್ಲಿ ಜಿಎಸ್‌ಟಿ ಬಂದಾಗ, ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಶೂನ್ಯ ಇರಲಿ ಅಂತ ಸತ್ಯಾಗ್ರಹ ಕೂತರು. ಚರಕದ್ದು ಮಗ್ಗ, ಆಂಟಿಯದ್ದು ಕಡ್ಡಿ. ಕಷ್ಟ ಮಾತ್ರ ಒಂದೇ. ಆದ್ರೆ ಒಂದು ಮಾತು ಸೇರಿಸಬೇಕು. ತೆರಿಗೆ ಸೊನ್ನೆ ಮಾಡೋದು ಸರ್ಕಾರದ ಕೈಲಿದೆ. ಕೂಲಿ ಸೊನ್ನೆ ಮಾಡಿರೋದು ನಾವೇ.

ಸರಿ, ನ್ಯಾಯವಾದ ಬೆಲೆ ಎಷ್ಟು? ಗಂಟೆಗೆ 80 ರೂಪಾಯಿ ಇಟ್ಟರೂ 1,920, ಉಲ್ಲನ್ ಸೇರಿ 2,270. ಆರು ತಿಂಗಳಲ್ಲಿ ಚಿಕ್ಕದಾಗುವ ಸ್ವೆಟರಿಗೆ! ನಾನು ಕೊಡ್ತಿದ್ನಾ? ಬಹುಶಃ ಇಲ್ಲ. ಆಂಟಿ ಅಷ್ಟು ಕೇಳಿದ್ರೆ ಬೀದಿಯಲ್ಲಿ ಯಾರೂ ಹೆಣೆಸ್ತಿರಲಿಲ್ಲ ಅನ್ನೋದೂ ನಿಜ.

ಇದಕ್ಕೆ ಉತ್ತರ ನಮ್ಮ ಅಜ್ಜಿ ಊರಲ್ಲಿತ್ತು. ಅಲ್ಲಿ ಮುಯ್ಯಾಳು ಅಂತ ಇತ್ತು. ನಮ್ಮ ಗದ್ದೆ ನಾಟಿಗೆ ನೀವು ಒಂದು ದಿನ ಬಂದರೆ, ನಿಮ್ಮ ನಾಟಿಗೆ ನಾವು ಒಂದು ದಿನ. ದುಡ್ಡಿನ ಮಾತಿಲ್ಲ, ಆದರೆ ಲೆಕ್ಕ ಪಕ್ಕಾ. ನಿಮ್ಮ ದಿನಕ್ಕೂ ನಮ್ಮ ದಿನಕ್ಕೂ ಒಂದೇ ತೂಕ.

ಹಾಗಾಗಿ ಪ್ರಾಮಾಣಿಕ ದಾರಿ ಎರಡೇ ಅನ್ಸುತ್ತೆ. ಗೊತ್ತಿಲ್ಲದವರ ಹತ್ತಿರ ಕೊಳ್ಳುವಾಗ ‘ಲಾಸ್ಟ್ ಎಷ್ಟಕ್ಕೆ ಕೊಡ್ತೀರಾ?’ ಅನ್ನುವ ಮೊದಲು ‘ಎಷ್ಟು ಹೊತ್ತು ಹಿಡೀತು?’ ಅಂತ ಕೇಳಿ, ಕೊಡೋಕಾದ್ರೆ ಕೊಡಿ, ಇಲ್ಲಾಂದ್ರೆ ಕಾರ್ಖಾನೆಯದ್ದು ತಗೊಳ್ಳಿ. ಗೊತ್ತಿರೋರ ಹತ್ತಿರ ಆದ್ರೆ ಉಡುಗೊರೆ ಅಂತ ಒಪ್ಪಿಕೊಂಡು ಮುಯ್ಯಿ ತೀರಿಸಿ. ಉಡುಗೊರೆ ಇಸ್ಕೊಂಡು, ಚಿಲ್ಲರೆ ಬಿಟ್ಟು, ವ್ಯಾಪಾರ ಮುಗೀತು ಅಂತ ಹೊರಟುಬಿಡೋದು ಮೋಸ. ನಾನು ಮಾಡಿದ್ದು ಅದನ್ನೇ.

ಹೋದ ಶನಿವಾರ ಆಂಟಿ ಕಣ್ಣಿನ ಪೊರೆ ತೋರಿಸಬೇಕು ಅಂದ್ರು, ಮಗ ಊರಲ್ಲಿರಲಿಲ್ಲ. ಜೊತೆಗೆ ಹೋದೆ. ಟೋಕನ್ನು, ಕಣ್ಣಿಗೆ ಹನಿ, ಕಾಯೋದು, ಕಾಫಿ, ವಾಪಸ್ಸು, ಎಲ್ಲ ಸೇರಿ ನಾಲ್ಕು ಗಂಟೆ. ಆಟೋ ಇಳಿಯುವಾಗ ‘ನಿನ್ನ ರಜಾ ಎಲ್ಲ ಹಾಳಾಯ್ತಲ್ಲಮ್ಮ, ಏನು ಕೊಡ್ಲಿ ನಿಂಗೆ?’ ಅಂದ್ರು.

ಇನ್ನೂ ಇಪ್ಪತ್ತು ಗಂಟೆ ನಾನೇ ಬಾಕಿ ಇದ್ದೀನಿ ಅಂತ ಹೇಳೋಕೆ ನಾಚಿಕೆಯಾಯ್ತು.